ಅಮೃತಕೋಶವೂ ಬೀಗರ ಪಂಕ್ತಿಯೂ

ದಾವಣಗೆರೆಯಲ್ಲಿ ಶಾಮಿಯಾನ, ಕುರ್ಚಿ, ಪಾತ್ರೆಗಳನ್ನು ಬಾಡಿಗೆಗೆ ಕೊಡುವ ಮುರುಗೇಂದ್ರಪ್ಪನಿಗೆ ಎರಡರ ಭಯವಿತ್ತು. ಒಂದು, ತನ್ನ ಡೀಸೆಲ್ ಜನರೇಟರು. ಇನ್ನೊಂದು, ಹೆಂಡತಿಯ ಅಕ್ಕ ಡಾ. ದಾಕ್ಷಾಯಣಿ. ಎರಡೂ ಯಾವಾಗ ಶುರುವಾಗುತ್ತವೆಂದು ಹೇಳುವ ಹಾಗಿರಲಿಲ್ಲ. ಶುರುವಾದರೆ ನಿಲ್ಲಿಸುವುದು ಹೇಗೆಂದು ಯಾರಿಗೂ ಗೊತ್ತಿರಲಿಲ್ಲ.

ದಾಕ್ಷಾಯಣಿ ತಮಿಳುನಾಡಿನ ಒಂದು ಸಂಶೋಧನಾಲಯದಲ್ಲಿ ಬ್ಯಾಟರಿಗಳ ಮೇಲೆ ಕೆಲಸ ಮಾಡಿ, ನಿವೃತ್ತರಾಗಿ, ತಂಗಿ ಹಾಲಮ್ಮನ ಮನೆಗೆ ಬಂದಿದ್ದರು. ವಿಶ್ರಾಂತಿಗೆ ಅಂತ ಬಂದವರು ಮೂರನೇ ದಿನಕ್ಕೇ ಪಾತ್ರೆಯ ಗೋಡೌನಿನ ಅರ್ಧ ಭಾಗ ಹಿಡಿದಿದ್ದರು. ಈಗ ಒಂದು ಭಾನುವಾರ ಬೆಳಿಗ್ಗೆ ತಂಗಿಯನ್ನೂ ಅವಳ ಗಂಡನನ್ನೂ ಅದೇ ಗೋಡೌನಿಗೆ ಕರೆದು, ಹಳೇ ಸೀರೆ ಹೊದಿಸಿದ್ದ ಏನೋ ಒಂದರ ಪಕ್ಕ ನಿಂತು, "ಚಪ್ಪಾಳೆ ಆಮೇಲೆ!" ಎಂದರು.

ಸೀರೆ ಎಳೆದರೆ ಅಡಿಯಲ್ಲಿದ್ದದ್ದು ನೀಲಿ ಪ್ಲಾಸ್ಟಿಕ್ ಡ್ರಮ್ಮು. ಮದುವೆಗಳಲ್ಲಿ ಕುಡಿಯುವ ನೀರು ತುಂಬಿಸಿಡುವಂಥದ್ದು.

"ಇದು ನನ್ನ ಡ್ರಮ್ಮು!" ಎಂದ ಮುರುಗೇಂದ್ರಪ್ಪ.

"ಆಗಿತ್ತು. ಈಗ ಇದು ಅಮೃತಕೋಶ" ಎಂದು ದಾಕ್ಷಾಯಣಿ ಸ್ವಿಚ್ಚು ಒತ್ತಿದರು.

ಗೋಡೌನಿನ ಉದ್ದಕ್ಕೂ ಕಟ್ಟಿದ್ದ ಸೀರಿಯಲ್ ಸೆಟ್ಟು ಝಗ್ಗನೆ ಹೊತ್ತಿತು. ನಿಂತಿದ್ದ ಫ್ಯಾನು ತಿರುಗಿತು. ಮೂಲೆಯಲ್ಲಿದ್ದ ದೊಡ್ಡ ಗ್ರೈಂಡರು ಗರಗರ ಎಂದಿತು. ಹೊಗೆಯಿಲ್ಲ, ಧಡಧಡ ಇಲ್ಲ! ಮುರುಗೇಂದ್ರಪ್ಪ ಬಗ್ಗಿ ಡ್ರಮ್ಮಿನ ಹಿಂದೆ ಕಳ್ಳ ವೈರೇನಾದರೂ ಇದೆಯೇ ಎಂದು ನೋಡಿದ. ಇರಲಿಲ್ಲ.

"ಅಲ್ರೀ ಅತ್ತಿಗೆ, ಇದ್ರಾಗೆ ಏನೈತ್ರೀ?"

"ನೀರು."

"ಬರೀ ನೀರಾ?"

"ಸತುವಿನ ಉಪ್ಪು ಕರಗಿಸಿದ ನೀರು. ಈ ಕಡೆ ಸತುವಿನ ಹಲಗೆ, ಆ ಕಡೆ ಮ್ಯಾಂಗನೀಸಿನದು. ಕರೆಂಟು ಬೇಕಾದಾಗ ಸತು ಕರಗಿ ನೀರಿಗಿಳಿಯುತ್ತದೆ, ಇಳಿಯುವಾಗ ವಿದ್ಯುತ್ ಕೊಡುತ್ತದೆ. ಚಾರ್ಜ್ ಮಾಡಿದರೆ ನೀರಿನಿಂದೆದ್ದು ಬಂದು ಮತ್ತೆ ಹಲಗೆಯ ಮೇಲೆ ಕೂರುತ್ತದೆ. ಬೆಂಕಿ ಹತ್ತುವುದಿಲ್ಲ, ಸಿಡಿಯುವುದಿಲ್ಲ. ಬೇಕಿದ್ದರೆ ಡ್ರಮ್ಮಿನ ಮೇಲೆ ಕೂತು ಊಟ ಮಾಡಿ!"

"ಇಷ್ಟು ಸಸಾರ ಇದ್ರೆ ಇಷ್ಟು ದಿನ ಯಾರೂ ಯಾಕೆ ಮಾಡಿಲ್ರೀ?"

ಇದು ಕೇಳಬಾರದ ಪ್ರಶ್ನೆಯಾಗಿತ್ತು. ದಾಕ್ಷಾಯಣಿಯವರ ಮೂಗು ಕೆಂಪಾಯಿತು.

"ಯಾಕೆಂದರೆ ಸತುವಿಗೆ ಶಿಸ್ತಿಲ್ಲ! ಕೂತ ಕಡೆ ನೆಟ್ಟಗೆ ಕೂರುವುದಿಲ್ಲ. ಒಂದರ ಮೇಲೊಂದು ಹತ್ತಿ ಮುಳ್ಳುಮುಳ್ಳಾಗಿ ಬೆಳೆಯುತ್ತದೆ. ಆ ಮುಳ್ಳು ಎದುರಿನ ಹಲಗೆಗೆ ಚುಚ್ಚಿತೋ, ಬ್ಯಾಟರಿ ಸತ್ತಿತು. ನನ್ನ ಇಡೀ ಸರ್ವೀಸು ಆ ಮುಳ್ಳು ಕೀಳುವುದರಲ್ಲೇ ಹೋಯಿತು. ಈಗ ಸಿಕ್ಕಿದೆ ನೋಡಿ ಮದ್ದು!" ಎನ್ನುತ್ತಾ ಉಪ್ಪಿನಕಾಯಿ ಭರಣಿಯಿಂದ ಒಂದು ಚಮಚ ಹಳದಿ ಪುಡಿ ತೆಗೆದು ತೋರಿಸಿದರು. "ಇದರ ಹೆಸರು ಸೌಮ್ಯಕ. ಚಿಟಿಕೆ ಹಾಕಿದರೆ ಸಾಕು, ಸತುವಿಗೆ ಮರ್ಯಾದೆ ಬರುತ್ತದೆ. ಎಲ್ಲಿ ಜಾಗ ನುಣುಪಾಗಿದೆಯೋ ಹುಡುಕಿಕೊಂಡು ಹೋಗಿ, ಸಪಾಟಾಗಿ ಕೂರುತ್ತದೆ."

"ಹುಡುಕ್ಕೊಂಡು ಎಲ್ಲೀ ತನಕ ಹೋಗ್ತತೆ?" ಎಂದಳು ಹಾಲಮ್ಮ.

"ಹಲಗೆಯ ತನಕ. ಮತ್ತೆಲ್ಲಿಗೆ ಹೋಗುತ್ತದೆ?" ಎಂದರು ದಾಕ್ಷಾಯಣಿ.

ಮುರುಗೇಂದ್ರಪ್ಪನಿಗೆ ಸಂತೋಷವಾಯಿತು. ಮುಂದಿನ ವಾರ ಮಂಡಕ್ಕಿ ಭಟ್ಟಿ ಮಾಲೀಕ ಓಂಕಾರಪ್ಪನ ದೊಡ್ಡ ಮಗಳ ಮದುವೆ. ಓಂಕಾರಪ್ಪ ಅವನ ಅತಿ ದೊಡ್ಡ ಗಿರಾಕಿ. ಹೋದ ವರ್ಷ ಅವರ ಮನೆಯ ನಾಮಕರಣದಲ್ಲಿ ಜನರೇಟರು ಕರೀ ಹೊಗೆ ಕಾರಿ, ಬೆಳ್ಳಗಿದ್ದ ಕೂಸನ್ನು ಇದ್ದಿಲಿನಂತೆ ಮಾಡಿತ್ತು. ಈ ಸಲ ಹಾಗಾಗಬಾರದು. ಅವನು ಅಂದೇ ಸಂಜೆ ಉತ್ಸಾಹದಲ್ಲಿ ಜನರೇಟರನ್ನು ಅದೇ ಮುಹೂರ್ತದ ಇನ್ನೊಂದು ಮದುವೆಗೆ ಬಾಡಿಗೆಗೆ ಕೊಟ್ಟುಬಿಟ್ಟ.

ಮಾರನೇ ದಿನ ಬೆಳಿಗ್ಗೆ ಗೋಡೌನಿನ ಬಾಗಿಲು ತೆಗೆದವನು ಅಲ್ಲೇ ನಿಂತ.

ಡ್ರಮ್ಮಿನಿಂದ ಜಿನುಗಿದ ನೀರು ನೆಲದ ತುಂಬಾ ಹರಡಿತ್ತು. ಫಳಫಳ ಎನ್ನುತ್ತಿದ್ದ ತಗಡಿನ ಬಕೆಟ್ಟುಗಳು ಮೈಮೇಲಿನ ಲೇಪವನ್ನೆಲ್ಲ ಕಳೆದುಕೊಂಡು, ಸ್ನಾನ ಮಾಡಿಸಿ ಹೊರಗೆ ಬಿಟ್ಟ ಎಮ್ಮೆಗಳಂತೆ ಕಪ್ಪಗೆ ಕೂತಿದ್ದವು. ಹಿತ್ತಾಳೆಯ ಹಂಡೆ ಕೆಂಪಾಗಿತ್ತು. ಇನ್ನು ಹುಳಿ ಬಡಿಸುವ ಸ್ಟೀಲ್ ಸೌಟುಗಳು! ಒಂದರ ಮೇಲೊಂದು ಒರಗಿಸಿಟ್ಟಿದ್ದ ಅಷ್ಟೂ ಸೌಟುಗಳು ಬೆಳ್ಳಿಯಂಥ ಹೊದಿಕೆಯೊಳಗೆ ಒಂದಕ್ಕೊಂದು ಅಂಟಿ, ನೂರು ಕೈಗಳ ದೇವರಂತೆ ನಿಂತಿದ್ದವು. ಒಂದನ್ನು ಎಳೆದರೆ ಅಷ್ಟೂ ಎದ್ದು ಬರುತ್ತಿದ್ದವು.

"ಅತ್ತಿಗೇ!" ಎಂದು ಕೂಗಿದ ಮುರುಗೇಂದ್ರಪ್ಪ.

ದಾಕ್ಷಾಯಣಿ ಬಂದರು. ಸೌಟಿನ ಗುಂಪನ್ನು ಕನ್ನಡಕ ಸರಿಪಡಿಸಿಕೊಂಡು ನೋಡಿದರು. ಬೆರಳಾಡಿಸಿದರು. ಕಣ್ಣಲ್ಲಿ ನೀರು ಬಂತು.

"ಒಂದೂ ಮುಳ್ಳಿಲ್ಲ!"

"ಸೌಟೂ ಇಲ್ರೀ!"

"ರಾತ್ರಿ ಚಾರ್ಜಿಗೆ ಹಾಕಿದ್ದೆ. ಬಕೆಟ್ಟಿನ ಸತು, ಹಿತ್ತಾಳೆಯೊಳಗಿನ ಸತು ಎಲ್ಲ ಕರಗಿ, ಒದ್ದೆ ನೆಲದ ಮೇಲೆ ಪ್ರಯಾಣ ಮಾಡಿ, ಇಲ್ಲಿ ಬಂದು ಕೂತಿದೆ. ನಿಮ್ಮ ಸೌಟು ನನ್ನ ಹಲಗೆಗಿಂತ ನುಣುಪು. ಇದಕ್ಕೆ ನೀವು ಹೆಮ್ಮೆಪಡಬೇಕು!"

"ನಾನು ಹುಳಿ ಹ್ಯಾಂಗೆ ಬಡಿಸ್ಲಿ?"

"ಒಟ್ಟಿಗೆ ಬಡಿಸ್ರೀ, ಪಂಕ್ತಿ ಬೇಗ ಮುಗೀತತೆ" ಎಂದಳು ಹಾಲಮ್ಮ. ಅವಳು ಕೆಂಪಾದ ಹಂಡೆಯನ್ನು ತಾಮ್ರದ್ದಾಯಿತೆಂದು ಆಗಲೇ ಒಳಗೆ ಸಾಗಿಸುತ್ತಿದ್ದಳು.

ಮುರುಗೇಂದ್ರಪ್ಪ ಜನರೇಟರು ವಾಪಸ್ ಕೇಳಲು ಓಡಿದ. ಆ ಮದುವೆಯವರು ಕೊಡಲಿಲ್ಲ. ಊರಲ್ಲಿ ಬೇರೆ ಜನರೇಟರು ಸಿಗಲಿಲ್ಲ. ಆ ಮುಹೂರ್ತಕ್ಕೆ ದಾವಣಗೆರೆಯಲ್ಲಿ ಅರ್ಧ ಊರು ಇನ್ನರ್ಧ ಊರನ್ನು ಮದುವೆಯಾಗುತ್ತಿತ್ತು. ಅವನು ಸೋತ ಮುಖ ಹೊತ್ತು ಬಂದಾಗ ದಾಕ್ಷಾಯಣಿ ಡ್ರಮ್ಮಿಗೆ ಹೊಸ ಮುಚ್ಚಳ ಬಿಗಿದು, ಸೌಮ್ಯಕವನ್ನು ಅರ್ಧಕ್ಕೆ ಇಳಿಸಿದ್ದರು.

"ಈಗ ಸತು ಮನೆಬಿಟ್ಟು ಹೋಗುವುದಿಲ್ಲ. ನಾನು ಜವಾಬ್ದಾರಿ."

ಹೆಂಡತಿಯ ಅಕ್ಕ ಜವಾಬ್ದಾರಿ ಹೊತ್ತಾಗ ಬೇಡವೆನ್ನುವುದು ಹೇಗೆ? ಅವನು ಬೇಡವೆನ್ನಲಿಲ್ಲ.

ಮದುವೆ ಭಟ್ಟಿಯ ಪಕ್ಕದ ಬಯಲಿನಲ್ಲಿ. ಭತ್ತ ಒಣಗಿಸುವ ದೊಡ್ಡ ಸಿಮೆಂಟ್ ಕಣದ ಮೇಲೆ ಊಟದ ಚಪ್ಪರ. ಸ್ಟೀಲ್ ತಗಡು ಹೊದಿಸಿದ ಉದ್ದುದ್ದ ಮೇಜು, ಅವುಗಳ ಹಿಂದೆ ಮಡಚುವ ಕಬ್ಬಿಣದ ಕುರ್ಚಿಗಳು, ಮೇಲೆ ಬಟ್ಟೆ ಹಿಡಿದ, ಸತು ಲೇಪಿಸಿದ ಜಿ.ಐ. ಪೈಪುಗಳು. ಎಲ್ಲವೂ ಮುರುಗೇಂದ್ರಪ್ಪನವೇ. ಬೇಸಿಗೆಯ ಬಿಸಿಲು ಕಾವಲಿಯಂತೆ ಸುಡುತ್ತಿತ್ತು. ಕರೆಂಟು ಮುಹೂರ್ತಕ್ಕೆ ಸರಿಯಾಗಿ ಹೋಯಿತು.

ದಾಕ್ಷಾಯಣಿ ರೇಷ್ಮೆ ಸೀರೆಯ ಸೆರಗು ಸಿಕ್ಕಿಸಿ ಸ್ವಿಚ್ಚು ಒತ್ತಿದರು. ದೀಪ ಬಂತು, ಫ್ಯಾನುಗಳು ತಿರುಗಿದವು, ಮೈಕು ಮಾತಾಡಿತು. ಜನರೇಟರಿನ ಧಡಧಡ ಇಲ್ಲದ್ದರಿಂದ ಮಂತ್ರ ಕಿವಿಗೆ ಬಿತ್ತು. ತಾಳಿ ಕಟ್ಟುವಾಗ ಮದುಮಗಳು ಮುಸುಮುಸು ನಕ್ಕದ್ದೂ ಹಿಂದಿನ ಸಾಲಿನ ತನಕ ಕೇಳಿತು. ಓಂಕಾರಪ್ಪ ಬಂದು ಮುರುಗೇಂದ್ರಪ್ಪನ ಬೆನ್ನು ತಟ್ಟಿ, "ಭಾರೀ ತಂದೀರಿ ಬಿಡ್ರಿ!" ಎಂದ.

ಆದರೆ ಓಂಕಾರಪ್ಪನ ಮುಖದಲ್ಲಿ ಕಳೆ ಇರಲಿಲ್ಲ. ಕಾರಣ, ಗಂಡಿನ ದೊಡ್ಡಪ್ಪ, ಹರಪನಹಳ್ಳಿಯ ರುದ್ರಮುನಿಯಪ್ಪ. ಗಾತ್ರದಲ್ಲೂ ಮಾತಿನಲ್ಲೂ ದೊಡ್ಡವರು. ದಿಬ್ಬಣ ಬಂದಾಗ ಗಡಿಬಿಡಿಯಲ್ಲಿ ಯಾರೋ ಅವರ ತಮ್ಮನಿಗೆ ಮೊದಲು ಕಾಲಿಗೆ ನೀರು ಕೊಟ್ಟುಬಿಟ್ಟಿದ್ದರು. ಅಷ್ಟೇ! ಅಂದಿನಿಂದ, ಅಂದರೆ ಬೆಳಿಗ್ಗೆಯಿಂದ, ರುದ್ರಮುನಿಯಪ್ಪ ಯಾರ ಜೊತೆಯೂ ಮಾತಾಡಿರಲಿಲ್ಲ. ಈಗ ಮಾತಾಡಿದರು.

"ಊಟ ಮುಗಿಸಿ ಬಸ್ ಹತ್ತತೀವಿ. ಹೆಣ್ಣು ಒಪ್ಪಿಸೋ ಶಾಸ್ತ್ರಕ್ಕೆ ನಮ್ಮ ಕಡೆಯೋರು ಒಬ್ರೂ ಇರಂಗಿಲ್ಲ. ಹುಡುಗೀನ ಬೇಕಾದ್ರೆ ನೀವೇ ಇಟ್ಕೊಳ್ರಿ!"

"ಅಣ್ಣಾರೇ, ತಪ್ಪಾತು..."

"ಸಿಟ್ಟು ಸಿಟ್ಟೇ. ಎಲೆ ಹಾಕ್ಸ್ರಿ."

ಓಂಕಾರಪ್ಪನ ಹೆಂಡತಿ ಕಂಬದ ಹಿಂದೆ ನಿಂತು ಕಣ್ಣೊರೆಸಿಕೊಂಡಳು. ಮದುಮಗಳು ನಗುವುದನ್ನು ನಿಲ್ಲಿಸಿದಳು. ಆ ಹುಡುಗಿ ತೊಟ್ಟಿಲಲ್ಲಿದ್ದಾಗ ತೊಟ್ಟಿಲಿಗೆ ಶಾಮಿಯಾನ ಕಟ್ಟಿದವನು ಮುರುಗೇಂದ್ರಪ್ಪನೇ.

ಬೀಗರ ಪಂಕ್ತಿ ಕೂತಿತು. ನಡುವೆ ರುದ್ರಮುನಿಯಪ್ಪ, ಎರಡೂ ಕಡೆ ಹರಪನಹಳ್ಳಿಯ ಹಿರಿಯರು. ಕುರ್ಚಿಗೆ ಕುರ್ಚಿ ಒತ್ತಿ, ಹೊಟ್ಟೆಗೆ ಮೇಜು ಒತ್ತಿ ಕೂತರು. ಎಲೆಗೆ ನೀರು ಚಿಮುಕಿಸಿದರು. ಮಜ್ಜಿಗೆಯ ಕೊಳಗ ಒಮ್ಮೆ ಉರುಳಿತು. ಎಣ್ಣೆಗಾಯಿಯ ರಸ, ಉಪ್ಪು, ಹುಳಿ ಎಲ್ಲ ಸೇರಿ ಕಣದ ತುಂಬಾ ಹರಿಯಿತು. ಆಚೆ ಅಡಿಗೆಯ ಚನ್ನವೀರಯ್ಯ ಹಂಡೆ ತೊಳೆದ ನೀರನ್ನು ಇತ್ತಲೇ ಚೆಲ್ಲಿದ. ನೀರು ಹೋಗಿ ಅಮೃತಕೋಶದ ಬುಡ ಮುಟ್ಟಿತು. ಅಲ್ಲಿ ಹೊಸ ಮುಚ್ಚಳವನ್ನು ದಾಟಿ ಸಣ್ಣಗೆ ನೊರೆ ಇಳಿಯುತ್ತಿತ್ತು.

ಅಷ್ಟರಲ್ಲಿ ಕರೆಂಟು ಬಂತು. "ಚಾರ್ಜಿಗೆ ಹಾಕುತ್ತೇನೆ!" ಎಂದು ದಾಕ್ಷಾಯಣಿ ಪ್ಲಗ್ಗು ಸಿಕ್ಕಿಸಿದರು.

ಮುರುಗೇಂದ್ರಪ್ಪ ಮೊದಲು ನೋಡಿದ್ದು ಕಂಬಗಳನ್ನು. ಜಿ.ಐ. ಪೈಪುಗಳ ಹೊಳಪು ಕೆಳಗಿನಿಂದ ಮೇಲಕ್ಕೆ, ಯಾರೋ ಒರೆಸುತ್ತಾ ಹೋದಂತೆ ಮಾಯವಾಗುತ್ತಿತ್ತು. ಆಮೇಲೆ ನೋಡಿದ್ದು ಕುರ್ಚಿಗಳನ್ನು. ಕಾಲುಗಳ ಮೇಲೆ ಬೂದಿಬಣ್ಣದ ತೆಳು ಹೊಳಪು ಏರುತ್ತಿತ್ತು.

"ಅತ್ತಿಗೆ..." ಎಂದ ಮೆಲ್ಲಗೆ.

ರುದ್ರಮುನಿಯಪ್ಪ ಹೋಳಿಗೆ ಮುಗಿಸಿದರು. ಅನ್ನ ಮುಗಿಸಿದರು. ಬಾಳೆಹಣ್ಣು ಮುಗಿಸಿ, ತೇಗಿ, ಎಲ್ಲರಿಗೂ ಕೇಳುವಂತೆ "ನಡೀರಿ!" ಎಂದು ಎದ್ದರು.

ಏಳಲಾಗಲಿಲ್ಲ. ಕುರ್ಚಿ ಹಿಂದೆ ಸರಿಯಲೊಲ್ಲದು. ಮೇಜು ಮುಂದೆ ಸರಿಯಲೊಲ್ಲದು. ಪಕ್ಕದ ಕುರ್ಚಿ, ಅದರ ಪಕ್ಕದ್ದು, ಮೇಜಿನ ಅಡ್ಡಪಟ್ಟಿ, ಎಲ್ಲವನ್ನೂ ಸತು ಒಂದೇ ಎರಕದಂತೆ ಬೆಸೆದಿತ್ತು. ಅವರು ಜೋರಾಗಿ ಒದ್ದಾಡಿದರೆ ಇಡೀ ಸಾಲು ಒಟ್ಟಿಗೆ ಅಲ್ಲಾಡಿತು, ತೇರಿಗೆ ಕಟ್ಟಿದ ಕುದುರೆಗಳ ಹಾಗೆ. ಸಣಕಲು ಬೀಗರಿಬ್ಬರು ಮೇಜಿನ ಕೆಳಗೆ ನುಸುಳಿ ಪಾರಾದರು. ಹೊಟ್ಟೆಯಿದ್ದವರು ಉಳಿದರು. ಹರಪನಹಳ್ಳಿಯವರು ಬಹುಪಾಲು ಉಳಿದರು!

ಮುಂದಿನ ಪಂಕ್ತಿಯವರು ಪದ್ಧತಿಯಂತೆ ಕುರ್ಚಿಗಳ ಬೆನ್ನಿಗೇ ಬಂದು ನಿಂತಿದ್ದರು.

"ಏಳ್ರಿ ಯಜಮಾನ್ರೇ, ನಮಗೂ ಹಸಿವಾಗೈತೆ!"

"ಏಳಾಕ್ ಬರ್ತಿಲ್ರೀ!"

"ಎರಡನೇ ಸಲ ಬಡಿಸ್ಕಳಾಕೆ ಕುಂತಾರೆ ನೋಡ್ರಿ!" ಎಂದಿತು ಇನ್ನೊಂದು ದನಿ.

ಚನ್ನವೀರಯ್ಯನಿಗೆ ಒಂದೇ ಧರ್ಮ ಗೊತ್ತಿತ್ತು: ಎಲೆಯ ಮುಂದೆ ಕೂತವನಿಗೆ ಬಡಿಸುವುದು. ಅವನು ಹೊಸ ಎಲೆ ಹಾಕಿಸಿ ಮತ್ತೆ ಹೋಳಿಗೆಯಿಂದ ಶುರು ಮಾಡಿದ. ಎದುರಿಗೆ ಹೋಳಿಗೆ, ಮೇಲೆ ತುಪ್ಪ. ರುದ್ರಮುನಿಯಪ್ಪ ಬೇಡ ಬೇಡ ಎನ್ನುತ್ತಲೇ ತಿಂದರು.

ಮುರುಗೇಂದ್ರಪ್ಪ ದಾಕ್ಷಾಯಣಿಯವರ ಮುಂದೆ ಕೈ ಮುಗಿದು ನಿಂತ. "ನಿಮ್ಮ ಕಾಲಿಗೆ ಬೀಳ್ತೀನಿ. ಬಿಡಿಸ್ರೀ! ಹುಡುಗಿ ಸಂಸಾರ ಹಾಳಾಗ್ತತೆ."

"ಗಾಬರಿ ಬೇಡ. ಚಾರ್ಜಿನಲ್ಲಿ ಕೂತದ್ದು ಕರೆಂಟು ಖರ್ಚಾದರೆ ಕರಗಲೇಬೇಕು. ಸುಮ್ಮನೆ ಖರ್ಚು ಮಾಡಿ! ಏನೇನಿದೆಯೋ ಎಲ್ಲಾ ಹಾಕಿ!"

ಆಗ ನಡೆದದ್ದನ್ನು ದಾವಣಗೆರೆ ಹಿಂದೆ ಕಂಡಿರಲಿಲ್ಲ. ಮೈನ್ ಸ್ವಿಚ್ಚು ಇಳಿಸಿ, ಅಷ್ಟೂ ಭಾರವನ್ನು ಅಮೃತಕೋಶದ ಮೇಲೆ ಹೊರಿಸಿದರು. ಸುಡು ಬಿಸಿಲಿನಲ್ಲಿ ಸಾವಿರ ದೀಪ ಉರಿದವು. ಖಾಲಿ ಗ್ರೈಂಡರುಗಳು ಗಾಳಿಯನ್ನು ರುಬ್ಬಿದವು. ಧ್ವನಿಪೆಟ್ಟಿಗೆಗಳು ಎದೆ ನಡುಗುವಂತೆ ವಾಲಗ ಬಾರಿಸಿದವು. ಹಾಲಮ್ಮ ಅಕ್ಕಪಕ್ಕದ ಮನೆಗಳಿಂದ ಇಸ್ತ್ರಿಪೆಟ್ಟಿಗೆ ತಂದು, ಬೀಗರ ಕಡೆಯವರ ಶಲ್ಯಗಳನ್ನೆಲ್ಲ ಕಿತ್ತು ಇಸ್ತ್ರಿ ಮಾಡತೊಡಗಿದಳು.

ಸತು ಕರಗತೊಡಗಿತು. ಆದರೆ ನಿಧಾನ! ರುದ್ರಮುನಿಯಪ್ಪನ ಸಿಟ್ಟು ಮಾತ್ರ ಚಾರ್ಜಾಗುತ್ತಲೇ ಇತ್ತು. "ಬೀಗರನ್ನ ಕಟ್ಟಿ ಹಾಕ್ತೀರೇನ್ರೀ? ಇದು ಮದುವೆಯೋ ದನದ ದೊಡ್ಡಿಯೋ?"

ಓಂಕಾರಪ್ಪ ಮಗಳ ಕಡೆ ನೋಡಿದ. ಆಮೇಲೆ ರೇಷ್ಮೆ ಪಂಚೆ ಎತ್ತಿ ಕಟ್ಟಿ, ತಂಬಿಗೆ ನೀರು, ಹಿತ್ತಾಳೆ ತಟ್ಟೆ ಹಿಡಿದು, ಮಂಡಿಯೂರಿ ಮೇಜಿನ ಕೆಳಗೆ ತೆವಳಿದ. ಊರಲ್ಲಿ ಅವನು ಬಗ್ಗಿದ್ದನ್ನು ಕಂಡವರಿರಲಿಲ್ಲ. ಎಲೆಗಳ ಅಡಿಯಲ್ಲಿ, ಮಜ್ಜಿಗೆಯ ಕೆಸರಿನಲ್ಲಿ, ಅವನು ದೊಡ್ಡಪ್ಪನ ಕಾಲು ಹುಡುಕಿ ತಟ್ಟೆಯೊಳಗೆ ಇಟ್ಟು ನೀರು ಹಾಕಿದ.

"ಏನ್ ಮಾಡ್ತೀರ್ರೀ! ಬಿಡ್ರಿ ಕಾಲು!" ಎಂದು ರುದ್ರಮುನಿಯಪ್ಪ ಕೂಗಿದರು. ಆದರೆ ಕಾಲು ಎಳೆದುಕೊಳ್ಳಲು ಜಾಗವೆಲ್ಲಿದೆ?

"ಬೆಳಿಗ್ಗೆ ಮೊದಲು ನಿಮಗೇ ಕೊಡಬೇಕಿತ್ತು ಅಣ್ಣಾರೇ," ಎಂದಿತು ಮೇಜಿನ ಕೆಳಗಿನ ದನಿ. "ನನ್ನ ಕಣ್ಣು ಎಲ್ಲಿತ್ತೋ. ಮಗಳು ಹೋಗ್ತಾಳೆ ಅಂತ ಒಳಗೇ ಅಳಾಕ್ ಹತ್ತಿದ್ದೆ. ಈಗ ಕೊಡ್ತಿದೀನಿ. ಬೇಡ ಅನ್ಬ್ಯಾಡ್ರಿ."

ವಾಲಗದ ಗದ್ದಲದಲ್ಲೂ ಅದು ಹತ್ತಿರದವರಿಗೆ ಕೇಳಿತು. ರುದ್ರಮುನಿಯಪ್ಪ ಪೇಟ ತೆಗೆದು ಬೆವರಿದ ಬೋಳುತಲೆ ಒರೆಸಿಕೊಂಡರು. ಆ ತಲೆಯ ನುಣುಪಿನಲ್ಲಿ ಚಪ್ಪರದ ಅಷ್ಟೂ ದೀಪಗಳು ಪ್ರತಿಬಿಂಬಿಸಿದವು.

ಅಷ್ಟರಲ್ಲಿ ಕಟ್ಟಕ್ ಎಂದು ಕುರ್ಚಿಗಳು ಒಂದೊಂದಾಗಿ ಬಿಟ್ಟುಕೊಂಡವು. ಹಿರಿಯರು "ಅಬ್ಬಾ" ಎಂದು ಎದ್ದರು. ರುದ್ರಮುನಿಯಪ್ಪ ಒದ್ದೆ ಕಾಲು ತಟ್ಟೆಯಲ್ಲೇ ಇಟ್ಟು, ಒದ್ದೆ ಕೈಯನ್ನು ಮೇಜಿನ ಮೇಲೆ ಊರಿ ಏಳಲು ಅಣಿಯಾದರು.

"ಗೆದ್ದೆವು!" ಎಂದು ದಾಕ್ಷಾಯಣಿ ಸಂತೋಷದಲ್ಲಿ ಮೈನ್ ಸ್ವಿಚ್ಚು ಎತ್ತಿದರು. ಚಾರ್ಜರಿನ ಪ್ಲಗ್ಗು ಕೀಳುವುದನ್ನು ಮರೆತಿದ್ದರು.

ಕಂಬದ್ದು, ಕುರ್ಚಿಯದು, ಕಣದ ನೀರಿನಲ್ಲಿ ಕರಗಿ ನಿಂತಿದ್ದ ಅಷ್ಟೂ ಸತು ಒಮ್ಮೆಗೇ ಎದ್ದು ಕೂರಲು ಜಾಗ ಹುಡುಕಿತು. ಎಲ್ಲಿ ನುಣುಪಿದೆಯೋ ಅಲ್ಲಿ, ಎಲ್ಲಿ ಸಪಾಟಿದೆಯೋ ಅಲ್ಲಿ.

ಚಿರ್ರ್ ಎಂಬ ಸಣ್ಣ ಸದ್ದಾಯಿತು.

ಮುರುಗೇಂದ್ರಪ್ಪ ಕಣ್ಣು ಮುಚ್ಚಿಕೊಂಡ. ತೆರೆದಾಗ ರುದ್ರಮುನಿಯಪ್ಪನ ತಲೆ ಹುಬ್ಬಿನ ಮೇಲಿನಿಂದ ಹಿಂದಿನ ಕತ್ತಿನ ತನಕ ಹೊಸ ತಂಬಿಗೆಯಂತೆ ಫಳಫಳ ಹೊಳೆಯುತ್ತಿತ್ತು. ಒಬ್ಬ ಅಜ್ಜಿ ಹತ್ತಿರ ಹೋಗಿ, ಆ ತಲೆಯಲ್ಲಿ ನೋಡಿಕೊಂಡು ತನ್ನ ಕುಂಕುಮ ಸರಿಪಡಿಸಿಕೊಂಡರು.

"ಒಂದೂವರೆ ವೋಲ್ಟು ಅಷ್ಟೇ," ಎಂದರು ದಾಕ್ಷಾಯಣಿ ಸಣ್ಣ ದನಿಯಲ್ಲಿ. "ಇರುವೆ ಕಡಿದಷ್ಟೂ ಅಲ್ಲ."

ರುದ್ರಮುನಿಯಪ್ಪ ಮೆಲ್ಲಗೆ ಕೈಯೆತ್ತಿ ತಲೆ ಮುಟ್ಟಿದರು. ಬೆರಳಿನಿಂದ ತಟ್ಟಿದರು. ಟಣ್ ಎಂದಿತು. ಓಂಕಾರಪ್ಪ ಮೇಜಿನ ಕೆಳಗಿನಿಂದ ತಲೆ ಹೊರಗೆ ಹಾಕಿ, ನೋಡಿ, ಮತ್ತೆ ಒಳಗೆಳೆದುಕೊಂಡ.

ದೊಡ್ಡಪ್ಪ ಇನ್ನೊಮ್ಮೆ ತಲೆ ಸವರಿಕೊಂಡರು.

"ತಣ್ಣಗೈತೆ."

"ಏನ್ರೀ?"

"ತಣ್ಣಗೈತೆ ಅಂದೆ. ಈ ಬಿಸ್ಲಾಗೆ ಇಂಥ ತಂಪು ಕಂಡಿರಲಿಲ್ಲ." ಸ್ಟೀಲ್ ತಟ್ಟೆ ತರಿಸಿ ಮುಖ ನೋಡಿಕೊಂಡರು. ಎಡಕ್ಕೆ ತಿರುಗಿದರು, ಬಲಕ್ಕೆ ತಿರುಗಿದರು. ಬೆಳಿಗ್ಗೆ ತಮಗಿಂತ ಮೊದಲು ಕಾಲಿಗೆ ನೀರು ಪಡೆದಿದ್ದ ತಮ್ಮನ ಕಡೆ ನೋಡಿದರು. ಅವನ ತಲೆಯ ಮೇಲೆ ಇನ್ನೂ ಬರೀ ಕೂದಲಿತ್ತು. "ನಂದೊಬ್ಬಂದೇನಾ?"

"ನಿಮ್ಮೊಬ್ರದ್ದೇ ಅಣ್ಣಾರೇ!" ಎಂದಿತು ಮೇಜಿನ ಕೆಳಗಿನ ದನಿ.

"ಹಂಗಾದ್ರೆ ಸರಿ. ಏಳ್ರಿ ಮೇಲೆ. ಹೆಣ್ಣು ಒಪ್ಪಿಸೋ ಶಾಸ್ತ್ರ ಎಷ್ಟೊತ್ತಿಗೆ?"

ಶಾಸ್ತ್ರ ನಡೆಯಿತು. ಹುಡುಗಿ ಅತ್ತಳು, ತಾಯಿ ಅತ್ತಳು, ಓಂಕಾರಪ್ಪ ಎಲ್ಲರಿಗಿಂತ ಜೋರಾಗಿ ಅತ್ತ. ರುದ್ರಮುನಿಯಪ್ಪ ಸೊಸೆಯ ಕೈ ಹಿಡಿದು, "ನಮ್ಮ ಮನ್ಯಾಗೆ ನಿನಗೆ ಯಾರಾದ್ರೂ ಒಂದ್ ಮಾತಂದ್ರೆ ನನಗೆ ಹೇಳವ್ವಾ" ಎಂದು ಗದ್ಗದರಾದರು. ಫೋಟೋಗ್ರಾಫರಿಗೆ ಮಾತ್ರ ಕಷ್ಟವಾಯಿತು. ಗುಂಪಿನ ಯಾವ ಚಿತ್ರ ತೆಗೆದರೂ ದೊಡ್ಡಪ್ಪನಿದ್ದ ಕಡೆ ಸಣ್ಣ ಸೂರ್ಯ ಹುಟ್ಟಿರುತ್ತಿತ್ತು.

ಲೇಪ ತಿಂಗಳಾಗುವಷ್ಟರಲ್ಲಿ ತಾನಾಗಿ ಸವೆದುಹೋಯಿತಂತೆ. ದಾಕ್ಷಾಯಣಿ ಹರಪನಹಳ್ಳಿಗೆ ಹೋಗಿ ಆ ತಲೆಯ ನುಣುಪನ್ನು ಅಳೆದು ಬಂದರು. ಅಂಥ ಹಲಗೆ ಮಾಡಿಸಬೇಕೆಂದು ಈಗ ಊರಿನ ಅಷ್ಟೂ ಲೇತ್ ಅಂಗಡಿಗಳನ್ನು ಅಲೆಯುತ್ತಿದ್ದಾರೆ.

ಮುರುಗೇಂದ್ರಪ್ಪ ಜನರೇಟರನ್ನು ವಾಪಸ್ ತಂದು, ತೊಳೆದು, ಅದಕ್ಕೆ ಅರಿಶಿನ ಕುಂಕುಮ ಹಚ್ಚಿದ. ಓಂಕಾರಪ್ಪ ಇನ್ನು ಈ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲವೆಂದು ಮುರುಗೇಂದ್ರಪ್ಪ ಅಂದುಕೊಂಡಿದ್ದ. ಆದರೆ ಶ್ರಾವಣ ಕಳೆದ ಮೇಲೆ ಓಂಕಾರಪ್ಪನೇ ಬಂದು ಕೂತು, ಚಹಾ ಕುಡಿದು, ಎರಡನೇ ಮಗಳ ಮದುವೆ ಗೊತ್ತಾಗಿದೆಯೆಂದ.

"ಈ ಸಲ ಜನರೇಟರೇ ತರ್ತೀನ್ರೀ ಸಾಹುಕಾರ್ರೇ, ದೇವರಾಣೆ!" ಎಂದ ಮುರುಗೇಂದ್ರಪ್ಪ.

"ತರ್ರಿ, ತರ್ರಿ," ಎಂದ ಓಂಕಾರಪ್ಪ, ಲೋಟ ಕೆಳಗಿಡುತ್ತಾ. "ಈ ಬೀಗರು ಆ ಹರಪನಹಳ್ಳಿಯೋರಿಗಿಂತ ಜೋರದಾರೆ. ಇವರ ಸಾಲಿಗೆ ಮಾತ್ರ ಆ ಡ್ರಮ್ಮು, ಆ ಕುರ್ಚಿನೇ ಇರ್ಲಿ."